ಹದಿನೆಂಟರ ಮಗ್ಗಿಯಲ್ಲಿ ಒಂದು ಬದುಕು

ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಮೂಳೆ ಒತ್ತುವ ಜಾಗದಲ್ಲಿ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ. ಒಡೆದ ಹುಣ್ಣು ತಿಂಗಳುಗಟ್ಟಲೆ ಮಾಯುವುದಿಲ್ಲ. ತಾನಾಗಿ ಹೊರಳಲಾರದ ಮಗುವಿನ ಆರೈಕೆ ಎಂದರೆ ಬಹುಪಾಲು ಇಂಥ ಕೆಲಸಗಳೇ: ಹೊರಳಿಸುವುದು, ಎತ್ತಿ ಕೂರಿಸುವುದು, ತುತ್ತು ಗಂಟಲಲ್ಲಿ ಸಿಕ್ಕದಂತೆ ನಿಧಾನವಾಗಿ ಉಣಿಸುವುದು, ಡೈಪರ್ ಬದಲಿಸುವುದು. ಮೂರು ವರ್ಷಕ್ಕೆ 12 ಕೆ.ಜಿ. ಇದ್ದ ಮಗು ಹದಿನೈದಕ್ಕೆ 40 ಕೆ.ಜಿ. ದಾಟಿರುತ್ತದೆ. ಅಷ್ಟರಲ್ಲಿ ಎತ್ತುವವಳ ಬೆನ್ನಿಗೂ ಹನ್ನೆರಡು ವರ್ಷ ಹೆಚ್ಚಾಗಿರುತ್ತದೆ.

ಮಗುವಿನ ಈ ಸ್ಥಿತಿಗೆ ಬೇರೆಯವರ ತಪ್ಪು ಕಾರಣವಾಗಿದ್ದರೆ, ಅಂದರೆ ಲಾರಿ ಗುದ್ದಿದ್ದರೆ ಅಥವಾ ಹೆರಿಗೆಯ ಹೊತ್ತಿನಲ್ಲಿ ಮಾಡಬೇಕಾದ್ದನ್ನು ವೈದ್ಯರು ಮಾಡದೇ ಬಿಟ್ಟಿದ್ದರೆ, ಈ ಕೆಲಸಗಳಿಗೆಲ್ಲ ಬೆಲೆ ಕಟ್ಟುವ ಹೊಣೆ ನ್ಯಾಯಾಲಯದ ಮೇಲೆ ಬೀಳುತ್ತದೆ. ಆಸ್ಪತ್ರೆಗೆ ಈಗಾಗಲೇ ಕಟ್ಟಿದ ದುಡ್ಡಿಗೆ ಬಿಲ್ಲು ಇದೆ, ರಸೀದಿ ಇದೆ. ಮುಂದಿನ ನಲವತ್ತು ಐವತ್ತು ವರ್ಷಗಳಿಗೆ ರಸೀದಿ ಎಲ್ಲಿಂದ ತರುವುದು? ಈ ಮಗು ಎಷ್ಟು ವರ್ಷ ಬದುಕುತ್ತದೆ, ದಿನಕ್ಕೆ ಎಷ್ಟು ಗಂಟೆ ಯಾರಾದರೂ ಜೊತೆಗಿರಬೇಕು, ಅವರ ಸಂಬಳ ಮುಂದೆ ಎಷ್ಟು ಏರುತ್ತದೆ, ಈಗ ಕೊಟ್ಟ ಹಣ ಬ್ಯಾಂಕಿನಲ್ಲಿ ಎಷ್ಟು ಬೆಳೆಯುತ್ತದೆ? ಇಷ್ಟನ್ನೂ ನ್ಯಾಯಾಧೀಶರು ಒಂದೇ ದಿನ ಕೂತು ಊಹಿಸಿ ಒಂದು ಮೊತ್ತ ಬರೆಯಬೇಕು. ಬರೆದ ಮೇಲೆ ಮುಗಿಯಿತು. ಹತ್ತು ವರ್ಷ ಬಿಟ್ಟು 'ಸಾಲಲಿಲ್ಲ ಸ್ವಾಮಿ' ಎಂದು ಮತ್ತೆ ಬಾಗಿಲು ತಟ್ಟುವಂತಿಲ್ಲ.

ಈ ಊಹೆ ಹೇಗೂ ತಪ್ಪುತ್ತದೆ. ತಪ್ಪಿದಾಗ ಹೊರೆ ಯಾರ ತಲೆಗೆ ಬೀಳಬೇಕು ಎಂಬುದನ್ನಷ್ಟೇ ಕಾನೂನು ತೀರ್ಮಾನಿಸಬಲ್ಲದು. ಅದನ್ನು ಅದು ನೇರವಾಗಿ ಹೇಳಿ ಮಾಡುವುದೂ ಅಪರೂಪ. ಒಂದು ಗುಣಾಕಾರದೊಳಗೆ ಬಚ್ಚಿಟ್ಟು ಮಾಡುತ್ತದೆ.

ಭಾರತದ ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಕೊಟ್ಟ ಒಂದು ತೀರ್ಪನ್ನು ತೆಗೆದುಕೊಳ್ಳಿ. 2007ರಲ್ಲಿ ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಗೆ ಅಪಘಾತದಲ್ಲಿ ತಲೆಗೆ ಪೆಟ್ಟಾಯಿತು. ಅವಳ ಬುದ್ಧಿ ಒಂಬತ್ತು ತಿಂಗಳ ಕೂಸಿನ ಮಟ್ಟದಲ್ಲಿ ನಿಂತುಹೋಯಿತು. ವೈದ್ಯಕೀಯ ಲೆಕ್ಕದಲ್ಲಿ ಶೇ 100 ಅಂಗವೈಕಲ್ಯ. ನೋಡಿಕೊಳ್ಳುವವರ ಖರ್ಚೆಂದು ಹೈಕೋರ್ಟ್ ತಿಂಗಳಿಗೆ 2,500 ರೂಪಾಯಿ ಹಿಡಿದು 44 ವರ್ಷಕ್ಕೆ ಲೆಕ್ಕ ಹಾಕಿತ್ತು: 13,20,000. ಸುಪ್ರೀಂ ಕೋರ್ಟ್ ಇದು ಸರಿಯಲ್ಲ ಎಂದಿತು. ಇಂಥ ಮಗುವಿಗೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕು. ಒಬ್ಬರಿಗೆ 5,000 ಎಂದರೂ ತಿಂಗಳಿಗೆ 10,000, ವರ್ಷಕ್ಕೆ 1,20,000. ಅದನ್ನು 18ರಿಂದ ಗುಣಿಸಿದರೆ 21,60,000. ಗಳಿಕೆಯ ನಷ್ಟ, ನೋವು, ಮುಂದಿನ ಚಿಕಿತ್ಸೆ ಎಲ್ಲ ಸೇರಿ ಒಟ್ಟು 62,27,000 ರೂಪಾಯಿ.

ಇದು ಒಳ್ಳೆಯ ತೀರ್ಪು, ಎರಡು ಮಾತಿಲ್ಲ. ರಾತ್ರಿಯೂ ಒಬ್ಬರು ಎಚ್ಚರವಿರಬೇಕು ಎಂಬುದನ್ನು ಅದು ಒಪ್ಪಿತು. 2013ರಲ್ಲಿ ಅದೇ ನ್ಯಾಯಾಲಯ ಅಪಘಾತದಲ್ಲಿ ಅಂಗವಿಕಲರಾದ ಮಕ್ಕಳಿಗೆ, ಚಿಕಿತ್ಸೆ ಮತ್ತು ಆರೈಕೆಯ ಖರ್ಚು ಬಿಟ್ಟು, ಒಂದು ಸಿದ್ಧ ಪಟ್ಟಿ ಕೊಟ್ಟಿತ್ತು: ಶೇ 30ರವರೆಗೆ 3 ಲಕ್ಷ, ಶೇ 60ರವರೆಗೆ 4 ಲಕ್ಷ, ಶೇ 90 ದಾಟಿದರೆ 6 ಲಕ್ಷ. ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ 2020ರ ತೀರ್ಪು ಎಷ್ಟು ದೂರ ನಡೆದು ಬಂದಿದೆ ಎಂಬುದು ಗೊತ್ತಾಗುತ್ತದೆ. 2024ರ ಡಿಸೆಂಬರಿನಲ್ಲೂ ಹಾಗೇ ಆಯಿತು. ಏಳನೇ ವಯಸ್ಸಿನಲ್ಲಿ ಮೆದುಳಿಗೆ ಪೆಟ್ಟಾದ ಹುಡುಗಿಗೆ ಹೈಕೋರ್ಟ್ ಕೊಟ್ಟಿದ್ದ 11.51 ಲಕ್ಷವನ್ನು ಸುಪ್ರೀಂ ಕೋರ್ಟ್ 50.87 ಲಕ್ಷಕ್ಕೆ ಏರಿಸಿತು. ಅಪಘಾತವಾಗಿದ್ದು 2009ರಲ್ಲಿ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಸಿಗುತ್ತದೆ, ನಿಜ. ಆದರೆ ನಡುವಿನ ಹದಿನೈದು ವರ್ಷ ಆರೈಕೆಗೆ ಬಡ್ಡಿ ಕಾಯುತ್ತಾ ಕೂರುವ ಅವಕಾಶ ಇರಲಿಲ್ಲ. ಅದು ದಿನವೂ ನಡೆದೇ ಇತ್ತು.

ನನ್ನ ತಕರಾರು ಆ 18ರ ಬಗ್ಗೆ.

ಈ ಗುಣಕ ಬಂದದ್ದು ಸಾವಿನ ಮೊಕದ್ದಮೆಗಳಿಂದ. ದುಡಿಯುವವನು ಸತ್ತರೆ ಅವನನ್ನು ನಂಬಿದವರಿಗೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಲು ಹುಟ್ಟಿದ ಸಾಧನ ಅದು. 2009ರ ತೀರ್ಪೊಂದು ಅದನ್ನು ಕೋಷ್ಟಕ ಮಾಡಿಕೊಟ್ಟಿತು. 15ರಿಂದ 25 ವರ್ಷದವರಿಗೆ 18, ಅಲ್ಲಿಂದ ಇಳಿಯುತ್ತಾ 65 ದಾಟಿದವರಿಗೆ 5. ದುಡಿಮೆ ಅರ್ಧಕ್ಕೇ ನಿಲ್ಲಬಹುದು, ಕೆಲಸ ಹೋಗಬಹುದು, ಇಡಿಗಂಟು ಹಣ ಮುಂಚೆಯೇ ಕೈಗೆ ಬಂದರೆ ಬಡ್ಡಿ ದುಡಿಯುತ್ತದೆ. ಇವೆಲ್ಲವನ್ನೂ ಅದರೊಳಗೆ ಕಳೆದಿಟ್ಟಿದ್ದಾರೆ. ಗಳಿಕೆಗೆ ಈ ಕಳೆಯುವಿಕೆ ಒಪ್ಪುತ್ತದೆ. ಮಗ್ಗುಲು ಬದಲಿಸುವ ಕೆಲಸಕ್ಕೆ ನಿವೃತ್ತಿಯೂ ಇಲ್ಲ, ರಜೆಯೂ ಇಲ್ಲ. ಅದಕ್ಕೂ ಅದೇ ಅಳತೆಗೋಲು ಯಾಕೆ?

ಕೈಲೆಕ್ಕ ಮಾಡಿ ನೋಡೋಣ. 21.6 ಲಕ್ಷವನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟರು ಅನ್ನಿ. ಆರೈಕೆಯವರ ಸಂಬಳ ವರ್ಷಕ್ಕೆ ಶೇ 6ರಂತೆ ಏರುತ್ತದೆ ಅನ್ನಿ. ಬಡ್ಡಿಯ ಮೇಲಿನ ತೆರಿಗೆಯನ್ನು ಸದ್ಯಕ್ಕೆ ಮರೆಯೋಣ. ಮೊದಲ ಐದು ವರ್ಷ ಬಡ್ಡಿಯಲ್ಲೇ ಇಬ್ಬರ ಸಂಬಳ ಸಾಗುತ್ತದೆ, ಸ್ವಲ್ಪ ಉಳಿಯುತ್ತದೆ ಕೂಡ. ಆರನೇ ವರ್ಷ ಅಸಲಿಗೆ ಕೈ ಹಾಕಬೇಕಾಗುತ್ತದೆ. ಇಪ್ಪತ್ತೊಂದು ವರ್ಷವಾಗುವ ಹೊತ್ತಿಗೆ ಖಾತೆ ಖಾಲಿ. ಹನ್ನೆರಡಕ್ಕೆ ಲೆಕ್ಕ ಶುರುವಾಗಿದ್ದರೆ ಹುಡುಗಿಗೆ ಆಗ 33. ಹೈಕೋರ್ಟ್ ಹಿಡಿದಿದ್ದ 44 ವರ್ಷ ಪೂರ್ತಿ ಹಣ ಬಾಳಬೇಕಾದರೆ ಇದೇ ದರಗಳಲ್ಲಿ ಗುಣಕ ಸುಮಾರು 34 ಆಗಬೇಕಿತ್ತು. 18ರಲ್ಲೇ 44 ವರ್ಷ ಸಾಗಿಸುತ್ತೇನೆ ಎಂದರೆ, ಬ್ಯಾಂಕಿನ ಬಡ್ಡಿ ಸಂಬಳದ ಏರಿಕೆಗಿಂತ ಪ್ರತಿ ವರ್ಷವೂ ಸುಮಾರು ಶೇ 5ರಷ್ಟು ಮುಂದಿರಬೇಕು. ಎಫ್‌ಡಿ ಇಟ್ಟು ಗೊತ್ತಿರುವ ಯಾರನ್ನಾದರೂ ಕೇಳಿ, ನಕ್ಕುಬಿಡುತ್ತಾರೆ.

ಸೋಜಿಗವೆಂದರೆ ಅದಕ್ಕೆ ಐದೇ ವರ್ಷ ಹಿಂದೆ, 2015ರಲ್ಲಿ, ಇದೇ ಸುಪ್ರೀಂ ಕೋರ್ಟ್ ಬೇರೊಂದು ದಾರಿ ಹಿಡಿದಿತ್ತು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಕಣ್ಣಿನ ಪರೀಕ್ಷೆಯನ್ನು ಹೇಳಬೇಕಾದ ಹೊತ್ತಿಗೆ ಹೇಳದೆ, ಮಗು ದೃಷ್ಟಿ ಕಳೆದುಕೊಂಡ ಪ್ರಕರಣ ಅದು. ಹುಟ್ಟಿದ್ದು 1996ರಲ್ಲಿ. ಅಲ್ಲಿ 18ರ ಮಗ್ಗಿ ಹೇಳಲಿಲ್ಲ. ಮುಂದಿನ 51 ವರ್ಷಗಳ ವೆಚ್ಚಕ್ಕೆ ಹಣದುಬ್ಬರವನ್ನೂ ಸೇರಿಸಬೇಕು ಎಂದಿತು ನ್ಯಾಯಾಲಯ. 1990–91ರಿಂದ 2014–15ರವರೆಗಿನ ಸರಾಸರಿ ಹಣದುಬ್ಬರ ಶೇ 6.76 ಎಂದು ತೀರ್ಪಿನಲ್ಲೇ ಬರೆದು, ಎಚ್ಚರಿಕೆಗಾಗಿ ಶೇ 1 ಮಾತ್ರ ಹಿಡಿಯಿತು. ಮುಂದಿನ ವೆಚ್ಚಕ್ಕೇ ಸುಮಾರು 1.38 ಕೋಟಿ, ಹಿಂದಿನದ್ದು ಸೇರಿ ಸುಮಾರು 1.8 ಕೋಟಿ ರೂಪಾಯಿ. ಲಾರಿ ಗುದ್ದಿದ ಮಗುವಿಗೆ ಒಂದು ಗಣಿತ, ಆಸ್ಪತ್ರೆಯ ತಪ್ಪಿಗೆ ಸಿಕ್ಕ ಮಗುವಿಗೆ ಇನ್ನೊಂದು. ಯಾಕೆ ಹೀಗೆ ಎನ್ನುವುದಕ್ಕೆ ಕಾನೂನಿನ ಇತಿಹಾಸದಲ್ಲಿ ಕಾರಣ ಸಿಗುತ್ತದೆ. ಆರೈಕೆಯ ಕಡೆಯಿಂದ ನೋಡಿದರೆ ಯಾವ ಕಾರಣವೂ ಸಿಗುವುದಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಜಗಳ ಒಂದು ದರದ ಸುತ್ತ ನಡೆಯುತ್ತದೆ. ಇಡಿಗಂಟು ಹಣ ಹೂಡಿಕೆಯಲ್ಲಿ ಹಣದುಬ್ಬರ ಕಳೆದು ಎಷ್ಟು ಗಳಿಸುತ್ತದೆ ಎಂಬ ಆ ದರವನ್ನು ಅಲ್ಲಿ ಸರ್ಕಾರವೇ ನಿಗದಿ ಮಾಡುತ್ತದೆ. 2001ರಲ್ಲಿ ಅದು ಶೇ 2.5. 2017ರಲ್ಲಿ ಒಮ್ಮೆಲೇ ಸೊನ್ನೆಗಿಂತ ಕೆಳಗೆ, ಮೈನಸ್ 0.75. ದರ ಇಳಿದಷ್ಟೂ ಈಗಲೇ ಕೊಡಬೇಕಾದ ಇಡಿಗಂಟು ದೊಡ್ಡದಾಗುತ್ತದೆ. ವಿಮಾ ಕಂಪನಿಗಳು ಬೊಬ್ಬೆ ಹಾಕಿದವು, ದರ ನಿಗದಿಯ ವಿಧಾನವನ್ನೇ ಬದಲಿಸುವ ಕಾನೂನು 2018ರಲ್ಲಿ ಬಂತು, 2019ರಲ್ಲಿ ದರ ಮೈನಸ್ 0.25 ಆಯಿತು, 2025ರ ಜನವರಿಯಿಂದ ಶೇ 0.5. ಇವು ಸಣ್ಣ ಅಂಕಿಗಳಂತೆ ಕಾಣುತ್ತವೆ. ವರ್ಷಕ್ಕೆ 1 ಲಕ್ಷ ಪೌಂಡ್ ಆರೈಕೆ ಬೇಕಾದ, ಇನ್ನೂ 50 ವರ್ಷ ಬದುಕುವ ಮಗುವಿಗೆ 2.5ರ ದರದಲ್ಲಿ ಸಿಗುವುದು ಸುಮಾರು 28 ಲಕ್ಷ ಪೌಂಡ್. ಮೈನಸ್ 0.75ರಲ್ಲಿ ಸುಮಾರು 61 ಲಕ್ಷ. ಈಗಿನ 0.5ರಲ್ಲಿ ಸುಮಾರು 44 ಲಕ್ಷ. ಮಗು ಅದೇ, ಗಾಲಿಕುರ್ಚಿ ಅದೇ. ತೀರ್ಪು ಯಾವ ವರ್ಷ ಬಂತು ಎಂಬುದೊಂದೇ ವ್ಯತ್ಯಾಸ. ಹಾಗಿದ್ದರೂ ಅಲ್ಲಿ ಊಹೆಗೆ ಒಂದು ಹೆಸರಿದೆ, ಅದರ ಬಗ್ಗೆ ಬಹಿರಂಗವಾಗಿ ಕಿತ್ತಾಡಬಹುದು. 18ರೊಳಗೆ ಕೂತಿರುವ ಶೇ 5ರ ಜೊತೆ ಜಗಳವಾಡಲು ಅದು ಕಣ್ಣಿಗೇ ಬೀಳುವುದಿಲ್ಲ.

ಆಯಸ್ಸಿನ ವಿಷಯ ಇನ್ನೂ ಕಷ್ಟದ್ದು. ಪಾಟೀಸವಾಲಿನಲ್ಲಿ ಎದುರು ಪಕ್ಷದ ವಕೀಲರು ವೈದ್ಯರನ್ನು ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಊಟ ನಳಿಕೆಯಲ್ಲಿ ತಾನೇ? ಮೇಲಿಂದ ಮೇಲೆ ನ್ಯುಮೋನಿಯಾ ಆಗುತ್ತದಲ್ಲವೇ? ಫಿಟ್ಸ್ ಹತೋಟಿಗೆ ಬಂದಿಲ್ಲ ಅಂದಿರಿ, ಹಾಗಾದರೆ ಮೂವತ್ತು ದಾಟುವುದು ಕಷ್ಟ ಅಲ್ಲವೇ ಡಾಕ್ಟರೇ? ತಾಯಿ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿರುತ್ತಾಳೆ. ಮಗು ಬೇಗ ಹೋಗುತ್ತದೆ ಎಂದು ಸಾಬೀತು ಮಾಡಿದರೆ ಒಬ್ಬರಿಗೆ ಹಣ ಉಳಿಯುತ್ತದೆ. ಇದರಲ್ಲಿ ವಕೀಲರನ್ನು ದೂರಿ ಫಲವಿಲ್ಲ, ಇಡಿಗಂಟು ಪದ್ಧತಿಯೇ ಆ ಪ್ರಶ್ನೆಯನ್ನು ಅವರ ಬಾಯಿಗೆ ತುರುಕುತ್ತದೆ. ಇನ್ನೊಂದು ಮಗ್ಗುಲೂ ಇದೆ. ಮಗುವಿನ ಆಯಸ್ಸು ಆರೈಕೆಯನ್ನು ಅವಲಂಬಿಸಿದೆ. ಶುಚಿಯಾಗಿ ಉಣಿಸಿದರೆ, ಹುಣ್ಣಾಗದಂತೆ ನೋಡಿಕೊಂಡರೆ, ಕಫ ಕಟ್ಟದಂತೆ ಬೆನ್ನು ತಟ್ಟಿದರೆ ವೈದ್ಯರ ಅಂದಾಜು ಮೀರಿ ಬದುಕುತ್ತದೆ. ಆಗ ಕೊಟ್ಟ ಹಣ ಮುಗಿದುಹೋಗುತ್ತದೆ. ಚೆನ್ನಾಗಿ ನೋಡಿಕೊಂಡ ತಾಯಿಗೇ ಬರಿಗೈ! ತದ್ವಿರುದ್ಧವಾಗಿ ಮಗು ಎರಡೇ ವರ್ಷದಲ್ಲಿ ತೀರಿಕೊಂಡರೆ ಉಳಿದದ್ದೆಲ್ಲ ವಾರಸುದಾರರಿಗೆ. ಕಟ್ಟಿದವರ ಕಡೆಯಿಂದ ನೋಡಿದರೆ ಅದೂ ನ್ಯಾಯವಲ್ಲ.

ತಾಯಿಯ ಮಾತು ಬಂತು. ಬಹಳಷ್ಟು ಮನೆಗಳಲ್ಲಿ ನೇಮಿಸಿಕೊಂಡ ಆರೈಕೆಯವರು ಇರುವುದೇ ಇಲ್ಲ, ಕೆಲಸ ಬಿಟ್ಟು ಕೂತ ಅಮ್ಮ ಇರುತ್ತಾಳೆ. ಅವಳು ಮಗನಿಂದ ಸಂಬಳ ಕೇಳಿದ್ದಾಳೆಯೇ, ಕೇಳದಿದ್ದ ಮೇಲೆ ಮಗುವಿಗೆ ನಷ್ಟ ಎಲ್ಲಿಂದ ಬಂತು ಎಂದು ವಿಮಾ ಕಂಪನಿಗಳು ವಾದಿಸುತ್ತಿದ್ದವು. 1973ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಉತ್ತರ ಕೊಟ್ಟಿತು. ಕಾಲಿಗೆ ಪೆಟ್ಟಾದ ಆರು ವರ್ಷದ ಹುಡುಗ, ಅವನ ಗಾಯದ ಶುಶ್ರೂಷೆಗಾಗಿ ಅರೆಕಾಲಿಕ ಕೆಲಸ ಬಿಟ್ಟ ಅಮ್ಮ. ಮಗುವಿಗೆ ಆರೈಕೆಯ ಅಗತ್ಯ ಹುಟ್ಟಿತಲ್ಲ, ಅದೇ ನಷ್ಟ, ಅದನ್ನು ಯಾರು ಪೂರೈಸಿದರು, ದುಡ್ಡು ತೆಗೆದುಕೊಂಡರೋ ಇಲ್ಲವೋ ಎಂಬುದು ತಪ್ಪು ಮಾಡಿದವನಿಗೆ ಸಂಬಂಧಿಸಿದ್ದಲ್ಲ ಎಂದಿತು. 1994ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿದ್ದಿ, ಪರಿಹಾರ ಪಡೆದವರು ಆ ಹಣವನ್ನು ತಮ್ಮ ಆರೈಕೆ ಮಾಡಿದವರ ಪರವಾಗಿ ಇಟ್ಟುಕೊಂಡಿರಬೇಕು ಎಂದಿತು. ಆದರೂ ಲೆಕ್ಕ ಹಾಕುವಾಗ ಮನೆಯವರ ದುಡಿಮೆಗೆ ಮಾರುಕಟ್ಟೆ ದರದಲ್ಲಿ ಸಾಮಾನ್ಯವಾಗಿ ಕಾಲುಭಾಗ ಕಡಿತ ಮಾಡುತ್ತಾರೆ, ಅವಳು ತೆರಿಗೆ ಕಟ್ಟುವುದಿಲ್ಲವಲ್ಲ ಎಂಬ ಕಾರಣಕ್ಕೆ. ಭಾರತದಲ್ಲಿ ಕಡಿತ ಬೇರೆ ರೂಪದಲ್ಲಿ ಬರುತ್ತದೆ. ದರವನ್ನೇ ಕನಿಷ್ಠ ವೇತನದ ಆಸುಪಾಸಿನಲ್ಲಿ ಹಿಡಿದುಬಿಡುತ್ತಾರೆ. ನಳಿಕೆಯಲ್ಲಿ ಊಟ ಕೊಡುವುದು, ಕಫ ಹೀರಿ ತೆಗೆಯುವುದು, ಫಿಟ್ಸ್ ಬಂದಾಗ ಏನು ಮಾಡಬೇಕೆಂದು ತಿಳಿದಿರುವುದು ಕಲಿತು ಬರುವ ಕೆಲಸ. 2025ರಲ್ಲಿ ಸುಪ್ರೀಂ ಕೋರ್ಟ್ ಅಂಗವಿಕಲನಾದ ಬಾಲಕನ ಭವಿಷ್ಯದ ಗಳಿಕೆಯನ್ನು ಕುಶಲ ಕಾರ್ಮಿಕನ ಕನಿಷ್ಠ ವೇತನದಂತೆ ಹಿಡಿಯಬೇಕು ಎಂದಿದೆ. ಅವನು ದುಡಿಯಬಹುದಾಗಿದ್ದ ಕೆಲಸಕ್ಕೆ ಕುಶಲದ ದರ್ಜೆ ಸಿಕ್ಕಿತು. ಅವನಂಥವರನ್ನು ನೋಡಿಕೊಳ್ಳುವ ಕೆಲಸಕ್ಕೂ ಆ ದರ್ಜೆ ಸಲ್ಲಬೇಕು.

ಇಡಿಗಂಟನ್ನೇ ಬಿಟ್ಟು, ಬದುಕಿರುವವರೆಗೆ ವರ್ಷ ವರ್ಷ ಕೊಡುತ್ತಾ ಹೋದರೆ? ಜರ್ಮನಿಯ ನಾಗರಿಕ ಸಂಹಿತೆಯ 843ನೇ ಕಲಮು ಹೇಳುವುದು ಅದನ್ನೇ. ಅಲ್ಲಿ ನಿಯತಕಾಲಿಕ ಪಾವತಿಯೇ ನಿಯಮ, ಇಡಿಗಂಟು ಕೇಳಲು ಮುಖ್ಯವಾದ ಕಾರಣ ಬೇಕು. ಇಂಗ್ಲೆಂಡಿನಲ್ಲಿ 2005ರಿಂದ ಎರಡೂ ಕಡೆಯವರು ಒಪ್ಪದಿದ್ದರೂ ನ್ಯಾಯಾಲಯ ಹಾಗೆ ಆದೇಶಿಸಬಹುದು. 2008ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟು, ಪಾವತಿಯನ್ನು ಸಾಮಾನ್ಯ ಬೆಲೆ ಸೂಚ್ಯಂಕದ ಬದಲು ಆರೈಕೆ ಕೆಲಸಗಾರರ ವೇತನದ ಸೂಚ್ಯಂಕಕ್ಕೇ ಜೋಡಿಸಬಹುದು ಎಂದಿತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಅತಿ ಬುದ್ಧಿವಂತಿಕೆಯ ತೀರ್ಮಾನ ಇದು. ಆಯಸ್ಸು, ಬಡ್ಡಿ, ಸಂಬಳ ಮೂರರ ಊಹೆಯೂ ಮಗುವಿನ ತಲೆಯಿಂದ ಇಳಿದು ಕೊಡುವವರ ತಲೆಗೆ ಹೋಗುತ್ತದೆ, ಹೊರಬಲ್ಲವರೂ ಅವರೇ. ತೊಡಕಿಲ್ಲವೆಂದಲ್ಲ. ಕೊಡಬೇಕಾದ ಕಂಪನಿ ಐವತ್ತು ವರ್ಷ ಬಾಳಬೇಕು. ಮನೆಗೆ ಇಳಿಜಾರು ದಾರಿ ಮಾಡಿಸಲು, ಬಾಗಿಲು ಅಗಲಿಸಲು ಮೊದಲಿಗೇ ದೊಡ್ಡ ಮೊತ್ತ ಬೇಕು. ಪ್ರತಿ ವರ್ಷ ಎದುರಾಳಿಯ ಕೈ ನೋಡುವ ಗೋಳು ಬೇಡ, ಒಮ್ಮೆ ಕೊಟ್ಟು ಬಿಟ್ಟರೆ ಸಾಕು ಎನ್ನುವ ತಂದೆತಾಯಿಯೂ ಇದ್ದಾರೆ. ಆಗಿಂದಾಗ್ಗೆ ಕೊಡಲು ಒಪ್ಪಿಸಿ ಕಚೇರಿಯಿಂದ ಕಚೇರಿಗೆ ಅಲೆದಾಡಿಸಿದರೆ ಅದು ಇನ್ನೊಂದು ಬಗೆಯ ಶಿಕ್ಷೆ.

ಇಷ್ಟೆಲ್ಲ ಚರ್ಚೆ ನಡೆಯುವುದು ತಪ್ಪು ಯಾರದ್ದೆಂದು ಬೊಟ್ಟು ಮಾಡಲು ಸಾಧ್ಯವಾದ ಮಕ್ಕಳ ಬಗ್ಗೆ ಮಾತ್ರ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯನ್ನು ಮಗುವಿಗೆ ದಾಟಿಸುವ ಸಾಧ್ಯತೆ ತನಗಿದೆಯೇ ಎಂದು ಮಹಿಳೆಯೊಬ್ಬರು ಮೊದಲೇ ವಿಚಾರಿಸಿದ್ದರು, ವೈದ್ಯೆ ತಪ್ಪಾಗಿ ಭರವಸೆ ಕೊಟ್ಟರು. ಹುಟ್ಟಿದ ಮಗನಿಗೆ ಹಿಮೋಫಿಲಿಯಾ ಇತ್ತು, ಜೊತೆಗೆ ತೀವ್ರ ಆಟಿಸಂ ಕೂಡ. ನಿಜ ಗೊತ್ತಿದ್ದರೆ ಆ ಗರ್ಭವನ್ನೇ ಅವರು ಮುಂದುವರಿಸುತ್ತಿರಲಿಲ್ಲ. ಎರಡಕ್ಕೂ ಪರಿಹಾರವಾದರೆ 90 ಲಕ್ಷ ಪೌಂಡ್, ಹಿಮೋಫಿಲಿಯಾಕ್ಕೆ ಮಾತ್ರವಾದರೆ 14 ಲಕ್ಷ. ವೈದ್ಯೆ ಹೊತ್ತ ಹೊಣೆ ಹಿಮೋಫಿಲಿಯಾದ ಮಾಹಿತಿಗೆ ಸಂಬಂಧಿಸಿದ್ದು ಮಾತ್ರ ಎಂದು ನ್ಯಾಯಾಲಯ 14 ಲಕ್ಷಕ್ಕೆ ನಿಲ್ಲಿಸಿತು. ಕಾನೂನಿನ ತರ್ಕಕ್ಕೆ ಅದು ಸರಿ. ಆದರೆ ಒಬ್ಬನೇ ಹುಡುಗನನ್ನು ಎರಡು ಪಾಲು ಮಾಡಿ ನೋಡಿಕೊಳ್ಳಲು ಯಾವ ತಾಯಿಗೂ ಬರುವುದಿಲ್ಲ.

ಫ್ರಾನ್ಸ್ ಈ ಗೊಂದಲದಿಂದ ಬೇರೆ ದಾರಿಯಲ್ಲಿ ಹೊರಬರಲು ನೋಡಿತು. ಗರ್ಭದ ಕೂಸಿಗೆ ಹಾನಿ ಮಾಡುವ ರುಬೆಲ್ಲಾ ಸೋಂಕು ಗರ್ಭಿಣಿಗೆ ತಗುಲಿದ್ದನ್ನು ಪತ್ತೆ ಮಾಡದೆ, ಗೊತ್ತಾಗಿದ್ದರೆ ಗರ್ಭಪಾತ ಮಾಡಿಸಿಕೊಳ್ಳುತ್ತಿದ್ದ ತಾಯಿಗೆ ಆ ಅವಕಾಶ ತಪ್ಪಿದ ಪ್ರಕರಣದಲ್ಲಿ ಮಗು ತನ್ನ ಹೆಸರಿನಲ್ಲೇ ಪರಿಹಾರ ಪಡೆಯಬಹುದು ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2000ರ ನವೆಂಬರಿನಲ್ಲಿ ಹೇಳಿತು. ಹಾಗಾದರೆ ಅಂಗವಿಕಲರು ಹುಟ್ಟಿದ್ದೇ ನಷ್ಟವೇ ಎಂದು ದೇಶವೇ ಎದ್ದುನಿಂತಿತು. 2002ರ ಮಾರ್ಚಿನಲ್ಲಿ ಬಂದ ಕಾನೂನು, ಹುಟ್ಟಿದ್ದನ್ನೇ ಹಾನಿ ಎಂದು ಯಾರೂ ಹೇಳುವಂತಿಲ್ಲ, ಅಂಗವಿಕಲರ ಬದುಕಿನ ವೆಚ್ಚ ಇಡೀ ಸಮಾಜದ್ದು ಎಂದು ಸಾರಿತು. ಮಾತು ದೊಡ್ಡದು. ಆದರೆ ಆಗಲೇ ಮೊಕದ್ದಮೆ ಹೂಡಿದ್ದವರಿಗೂ ಅದನ್ನು ಅನ್ವಯಿಸಿದ್ದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ಹೇಳಬೇಕಾಯಿತು. ಜಪಾನ್ ಇದಕ್ಕಿಂತ ಚಿಕ್ಕದೂ ಗಟ್ಟಿಯೂ ಆದ ಕೆಲಸ ಮಾಡಿತು. 2009ರಿಂದ ಅಲ್ಲಿ ಹೆರಿಗೆಗೆ ಸಂಬಂಧಿಸಿದ ತೀವ್ರ ಸೆರೆಬ್ರಲ್ ಪಾಲ್ಸಿಯ (ಮೆದುಳಿನ ಹಾನಿಯಿಂದ ಕೈಕಾಲಿನ ಚಲನೆ ಹತೋಟಿ ತಪ್ಪುವ ಸ್ಥಿತಿ) ಮಗುವಿಗೆ, ತಪ್ಪು ಯಾರದ್ದೆಂದು ರುಜುವಾತು ಮಾಡದೆಯೇ, ಮೊದಲಿಗೆ 60 ಲಕ್ಷ ಯೆನ್, ಆಮೇಲೆ ವರ್ಷಕ್ಕೆ 12 ಲಕ್ಷದಂತೆ 20 ಕಂತು, ಒಟ್ಟು 3 ಕೋಟಿ ಯೆನ್. ಇಡೀ ಬದುಕಿಗೆ ಅದು ಸಾಲದು. ಆದರೆ ಹದಿನೈದು ವರ್ಷ ಕೋರ್ಟಿಗೆ ಅಲೆಯಬೇಕಿಲ್ಲ.

ಭಾರತದಲ್ಲಿ ಗೆದ್ದ ಮೇಲೂ ಒಂದು ಹಂತ ಉಳಿದಿರುತ್ತದೆ. ಅಪ್ರಾಪ್ತರ ಹಣ ಪೋಲಾಗದಿರಲೆಂದು ನ್ಯಾಯಮಂಡಳಿಗಳು ಅದನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಿಸುತ್ತವೆ, 18 ತುಂಬುವವರೆಗೆ ಬಡ್ಡಿ ಮಾತ್ರ ತಾಯಿಯ ಕೈಗೆ. ಉದ್ದೇಶ ಒಳ್ಳೆಯದೇ. ಮಗಳಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ಅವಳು ವಯಸ್ಕಳು, ಬ್ಯಾಂಕಿಗೆ ಬೇಕಾದ್ದು ಅವಳ ಸಹಿ. ಪೆನ್ನು ಹಿಡಿಯಲಾರದವಳಿಂದ, ಹೆಸರು ಕರೆದರೆ ತಿರುಗಿ ನೋಡುವುದೇ ದೊಡ್ಡದಾದವಳಿಂದ ಸಹಿ ಎಲ್ಲಿಂದ ಬರಬೇಕು? ಅಷ್ಟು ವರ್ಷ ನೋಡಿಕೊಂಡ ತಾಯಿ ಆ ಬೆಳಗ್ಗೆ ಕಾನೂನುಬದ್ಧ ಪೋಷಕಿಯಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ, ಹೆತ್ತ ಮಗಳಿಗೆ ಪೋಷಕಿಯಾಗಿ ಮತ್ತೆ ನೇಮಕಗೊಳ್ಳಬೇಕು. ಆ ಪತ್ರ ಕೈಗೆ ಬಂದ ಮೇಲೆ ಠೇವಣಿ ಮುಂದುವರಿಯುತ್ತದೆ. ತಾಯಿಗೆ ಆಗ ನಲವತ್ತೈದೋ ಐವತ್ತೋ. ತನ್ನ ನಂತರ ಆ ಜಾಗಕ್ಕೆ ಯಾರ ಹೆಸರು ಬರೆಸುವುದೆಂಬ ಚಿಂತೆ ಅಲ್ಲಿಂದ ಶುರು.